ಬನ್ನಿ ಕೊಡುವ ದಿನ ಮುರಿದ ಕೈ

ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ದೌರ್ಜನ್ಯಕ್ಕೆ ಒಳಗಾದ ಹೆಂಗಸರು, ಮಕ್ಕಳ ಪರವಾಗಿ ಮಾತ್ರ ವಕೀಲಿಕೆ ಮಾಡಿ ಬದುಕಬಹುದೇ? ಅದಕ್ಕೆ ಏನು ಕಲಿಯಬೇಕು? ನಾನೇ ಅಂಥ ಮನೆಯಲ್ಲಿ ಬೆಳೆದವಳು, ಅದು ಅಡ್ಡಿಯಾಗುತ್ತದೆಯೇ? ಹಾವೇರಿ ಜಿಲ್ಲೆಯಲ್ಲಿ ಹದಿನೆಂಟು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಇದೊಂದರಿಂದಲೇ ಮನೆ ನಡೆಯುವುದಿಲ್ಲ. ಬರುವವರಲ್ಲಿ ಅನೇಕರ ಕೈಯಲ್ಲಿ ಬಸ್ಸಿಗೂ ಹಣ ಇರುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಪ್ರಾಧಿಕಾರದ ವಕೀಲರ ಪಟ್ಟಿಯಲ್ಲಿ ನೀವಿದ್ದರೆ ಗೌರವಧನ ಸಿಗುತ್ತದೆ. ಅದು ಕಡಿಮೆ, ಬರುವುದೂ ತಡ. ನಾನು ಆಸ್ತಿ ಪಾಲಿನ ದಾವೆಗಳನ್ನೂ ಅಪಘಾತ ಪರಿಹಾರದ ಪ್ರಕರಣಗಳನ್ನೂ ನಡೆಸುತ್ತೇನೆ. ಮನೆಗೆ ಅಕ್ಕಿ ಬೇಳೆ ಬರುವುದು ಅವುಗಳಿಂದ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ವಾದ ಮಾಡುವುದನ್ನು ಹಿರಿಯರು ಹೇಳಿಕೊಡುತ್ತಾರೆ. ‘ಯಾವಾಗ?’ ಎಂದು ಕೇಳುವುದನ್ನು ಮಾತ್ರ ನನಗೆ ಯಾರೂ ಹೇಳಿಕೊಡಲಿಲ್ಲ.

2011ರ ಕೊನೆಯಲ್ಲಿ ಒಬ್ಬ ಹೆಣ್ಣುಮಗಳಿಗಾಗಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 12ನೇ ಕಲಮಿನಡಿ ಅರ್ಜಿ ಬರೆಯುತ್ತಿದ್ದೆ. ಗಂಡ ಕೈ ಮುರಿದದ್ದು ಯಾವಾಗ ಎಂದು ಕೇಳಿದೆ. ‘ಬನ್ನಿ ಕೊಡುವ ದಿನ’ ಎಂದಳು. ತಾರೀಖು ಹೇಳಮ್ಮ ಎಂದು ಒತ್ತಾಯಿಸಿದೆ. ಗೊತ್ತಿಲ್ಲ ಎಂದಳು. ನನಗೆ ಅವಸರವಿತ್ತು. ದಸರೆಯ ಆಸುಪಾಸು ತಾನೇ ಎಂದು ಅಕ್ಟೋಬರ್ 15 ಎಂದು ಬರೆದುಬಿಟ್ಟೆ. ಆ ವರ್ಷ ವಿಜಯದಶಮಿ ಬಂದದ್ದು ಅಕ್ಟೋಬರ್ 6ಕ್ಕೆ. ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿದ್ದದ್ದೂ 6ನೇ ತಾರೀಖೇ. ಪಾಟೀಸವಾಲಿನಲ್ಲಿ ಎದುರು ವಕೀಲರು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು: ‘15ರಂದು ಮುರಿದ ಕೈಗೆ 6ರಂದೇ ಹೇಗೆ ಕಟ್ಟು ಹಾಕಿದರು?’ ಅವಳು ಉತ್ತರ ಹೇಳಲಾಗದೆ ನನ್ನ ಮುಖ ನೋಡಿದಳು. ಅವಳು ಹೇಳಿದ್ದು ದಿನದ ಮಟ್ಟಿಗೆ ನಿಖರವಾಗಿತ್ತು. ತಪ್ಪು ನನ್ನದು. ಅರ್ಜಿ ವಜಾ ಆಯಿತು. ಸೆಷನ್ಸ್ ನ್ಯಾಯಾಲಯದಲ್ಲಿ ಮೇಲ್ಮನವಿ ಗೆದ್ದೆವು ನಿಜ, ಆದರೆ ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಆ ಒಂದೂವರೆ ವರ್ಷ ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಮನೆಯ ಪಡಸಾಲೆಯಲ್ಲಿ ಮಲಗಿದಳು.

ಅಂದಿನಿಂದ ನನ್ನ ಕಚೇರಿಯಲ್ಲಿ ಹಳೆಯ ಪಂಚಾಂಗಗಳನ್ನು ಎಸೆಯುವುದಿಲ್ಲ. ಯಾವ ಹಬ್ಬ ಕಳೆದಿತ್ತು, ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದರೋ ಜೋಳ ಕೊಯ್ಯುತ್ತಿದ್ದರೋ, ಮಗಳು ಎಷ್ಟನೇ ತರಗತಿಯಲ್ಲಿದ್ದಳು, ಆ ವಾರ ಊರಲ್ಲಿ ಯಾರ ಮದುವೆ ಇತ್ತು ಎಂದು ಕೇಳುತ್ತೇನೆ. ನೋಟ್‌ಪುಸ್ತಕದ ಎಡಗಡೆ ಅವಳ ಮಾತು ಇದ್ದದ್ದು ಇದ್ದ ಹಾಗೆ, ಬಲಗಡೆ ಅದಕ್ಕೆ ಹೊಂದುವ ತಾರೀಖು. ಹೊಂದದಿದ್ದರೆ ಖಾಲಿ ಬಿಡುತ್ತೇನೆ, ಅರ್ಜಿಯಲ್ಲಿ ‘ಸುಮಾರು’ ಎಂದೇ ಬರೆಯುತ್ತೇನೆ. ಒಬ್ಬಳ ಕಥೆ ಹೀಗೆ ಪೂರ್ತಿಯಾಗಲು ಮೂರು ಭೇಟಿ ಬೇಕು, ಕೆಲವೊಮ್ಮೆ ಐದು. ಮೊದಲ ಭೇಟಿಯಲ್ಲಿ ಎಲ್ಲವನ್ನೂ ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಮಕ್ಕಳ ಪ್ರಕರಣಗಳಲ್ಲಿ ನಿಮ್ಮ ಸ್ಥಾನವೇ ಬೇರೆ. ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಮೊಕದ್ದಮೆ ನಡೆಸುವವರು ವಿಶೇಷ ಸರ್ಕಾರಿ ಅಭಿಯೋಜಕರು. ಮಗುವಿನ ಕುಟುಂಬ ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಆ ವಕೀಲರು ಅಭಿಯೋಜಕರಿಗೆ ನೆರವಾಗಬೇಕೇ ಹೊರತು ತಾವೇ ಪಾಟೀಸವಾಲಿಗೆ ಇಳಿಯುವಂತಿಲ್ಲ. ನನ್ನ ಕೆಲಸ ಹೆಚ್ಚಾಗಿ ಚೀಟಿಗಳದ್ದು. ಪಕ್ಕದಲ್ಲಿ ಕುಳಿತು ಕೇಳಬೇಕಾದ ಪ್ರಶ್ನೆಯನ್ನು ಬರೆದು ಸರಿಸುತ್ತೇನೆ. 33ನೇ ಕಲಮಿನಂತೆ ಪ್ರಶ್ನೆಗಳನ್ನು ನ್ಯಾಯಾಧೀಶರ ಮುಖಾಂತರವೇ ಮಗುವಿಗೆ ಕೇಳಬೇಕು, ನಡುನಡುವೆ ಬಿಡುವು ಕೊಡಬೇಕು, ಆಕ್ರಮಣಕಾರಿಯಾಗಿ ಪ್ರಶ್ನಿಸುವುದನ್ನು ತಡೆಯಬೇಕು. 36ನೇ ಕಲಮು, ಸಾಕ್ಷ್ಯ ಹೇಳುವಾಗ ಮಗು ಆರೋಪಿಯನ್ನು ಎದುರಿಸದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ನ್ಯಾಯಾಲಯದ ಒಳಗೆ ಇದೆಲ್ಲ ಪಾಲನೆಯಾದರೂ ಹೊರಗಿನ ವರಾಂಡದಲ್ಲಿ ಇಬ್ಬರೂ ಎದುರುಬದುರು ಕುಳಿತಿರುತ್ತಾರೆ. ಹಾಗಾಗಿ ನಾನು ಬೆಳಗ್ಗೆಯೇ ಹೋಗಿ, ಸಿಬ್ಬಂದಿಯನ್ನು ಕೇಳಿಕೊಂಡು ಮಗುವಿಗೆ ಬೇರೆ ಕೋಣೆ ಹುಡುಕುತ್ತೇನೆ. ಒಮ್ಮೆ ಏಳು ವರ್ಷದ ಹುಡುಗಿಗೆ ‘ಎಷ್ಟು ಗಂಟೆಯಾಗಿತ್ತು?’ ಎಂಬ ಪ್ರಶ್ನೆ ಬಂದಿತು. ಅವಳು ಸುಮ್ಮನಾದಳು. ‘ಬಿಸಿಯೂಟಕ್ಕೆ ಮೊದಲೋ ಆಮೇಲೋ?’ ಎಂದು ಚೀಟಿ ಬರೆದೆ. ನ್ಯಾಯಾಧೀಶರು ಅದನ್ನೇ ಕೇಳಿದರು. ‘ಆಮೇಲೆ, ಅವತ್ತು ಮೊಟ್ಟೆ ಕೊಟ್ಟಿದ್ದರು’ ಎಂದಳು.

ಆದೇಶ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಕೌಟುಂಬಿಕ ದೌರ್ಜನ್ಯದ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನನ್ನ ಒಂದು ಅರ್ಜಿಯೂ ಅಷ್ಟರಲ್ಲಿ ಮುಗಿದಿಲ್ಲ. ಆದ್ದರಿಂದ 23ನೇ ಕಲಮಿನ ಮಧ್ಯಂತರ ಆದೇಶಕ್ಕೆ ಮೊದಲ ದಿನವೇ ಪಟ್ಟು ಹಿಡಿಯಿರಿ. ಮನೆ ಅತ್ತೆಯ ಹೆಸರಿನಲ್ಲಿದೆ ಎಂದು ಹೇಳಿ ಸೊಸೆಯನ್ನು ಹೊರಗಿಡುವುದು ಮೊದಲು ಸುಲಭವಾಗಿತ್ತು. 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ಕೂಡಿ ಬಾಳಿದ ಮನೆ ಗಂಡನ ತಂದೆ ತಾಯಿಯ ಹೆಸರಿನಲ್ಲಿದ್ದರೂ ಅವಳು ವಾಸದ ಹಕ್ಕು ಕೇಳಬಹುದು. ಆ ತೀರ್ಪನ್ನು ಪೂರ್ತಿ ಓದಿ.

ಅಂಥದ್ದೇ ಒಂದು ಆದೇಶ ಹಿಡಿದು, ಪೊಲೀಸರ ಜೊತೆ ಒಂದು ಮನೆಗೆ ಹೋಗಿದ್ದೆವು. ಸ್ತ್ರೀಧನದ ಪಟ್ಟಿಯಲ್ಲಿ ಬಂಗಾರದ ಜೊತೆಗೆ ‘ರೊಟ್ಟಿ ಹಂಚು, ಒಂದು’ ಎಂದು ಅವಳೇ ಹಟ ಹಿಡಿದು ಬರೆಸಿದ್ದಳು. ಅವಳ ತಾಯಿ ಕೊಟ್ಟದ್ದು. ಒಳಗೆ ಹೋದವಳು ತಿಜೋರಿಯ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಲಲ್ಲಿ ಬಿದ್ದು ತುಕ್ಕು ಹಿಡಿದಿದ್ದ ಹಂಚನ್ನು ಎತ್ತಿಕೊಂಡು, ನಲ್ಲಿಯ ಕೆಳಗೆ ಇಟ್ಟು, ಬೂದಿ ಹಾಕಿ ಉಜ್ಜತೊಡಗಿದಳು. ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅದು ಮುಗಿಯುವ ತನಕ ಕಾದರು.

ನಿಮ್ಮ ಮೂರನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಡ್ಡಿಯಾಗುವುದಿಲ್ಲ ತಂಗೀ. ಮಂಗಳೂರಿನಲ್ಲಿ ಬಾಲ್ಯ ಕಳೆದ ಫ್ಲೇವಿಯಾ ಆಗ್ನೆಸ್ ಮುಂಬೈಯಲ್ಲಿ ಗಂಡನ ಹಿಂಸೆಯಿಂದ ಹೊರಬಂದ ಮೇಲೆ ಕಾನೂನು ಓದಿ, ‘ಮಜಲಿಸ್’ ಸಂಸ್ಥೆಯ ಮೂಲಕ ಅದೆಷ್ಟೋ ಹೆಂಗಸರ ಪರ ನಿಂತವರು. ಆದರೆ ಒಂದು ಎಚ್ಚರ ಇರಲಿ. ಎದುರಿಗೆ ಕುಳಿತವಳು ಮಾತು ನಿಲ್ಲಿಸಿದಾಗ, ನಿಮ್ಮ ತಾಯಿಗೆ ಆದದ್ದನ್ನು ನೆನೆದು ಅವಳ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. ಅವಳ ಗಂಡ ಕುಡಿಯದೆಯೇ ಹೊಡೆಯುವವನಾಗಿರಬಹುದು. ಅವಳಿಗೆ ವಿಚ್ಛೇದನ ಬೇಡವಾಗಿರಬಹುದು. ಮರಳಿ ಅದೇ ಮನೆಗೆ ಹೋಗುತ್ತೇನೆ ಎಂದು ಅವಳು ಹೇಳಿದ ದಿನ ನಿಮಗೆ ನಿದ್ರೆ ಬರುವುದಿಲ್ಲ. ಆಗಲೂ ಅವಳ ಫೈಲನ್ನು ಕಟ್ಟಿ ಅಟ್ಟಕ್ಕೆ ಹಾಕಬೇಡಿ.

ಪದವಿ ಮುಗಿದ ಕೂಡಲೇ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ ಪರಿಚಯ ಮಾಡಿಕೊಳ್ಳಿ. ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಗಳು ಅವರೇ. ಇನ್ನೊಂದು ವಿಷಯ, ಮೊಬೈಲ್ ಬಗ್ಗೆ. ಕಕ್ಷಿದಾರಳಿಗೆ ನೀವಾಗಿ ಕರೆ ಮಾಡುವ ಮೊದಲು, ಯಾವ ಹೊತ್ತಿಗೆ ಮಾಡಿದರೆ ತೊಂದರೆಯಿಲ್ಲ ಎಂದು ಕೇಳಿಟ್ಟುಕೊಳ್ಳಿ. ಅನೇಕರ ಮೊಬೈಲಿನಲ್ಲಿ ನನ್ನ ಹೆಸರು ವಕೀಲರೆಂದು ಇಲ್ಲ, ‘ಟೇಲರ್’ ಎಂದಿದೆ. ಆ ಕಡೆಯಿಂದ ಗಂಡಸಿನ ದನಿ ಕೇಳಿದರೆ, ‘ರವಿಕೆ ಹೊಲಿದಾಗಿದೆ, ಬಂದು ಒಯ್ಯಲು ಹೇಳಿ’ ಎಂದು ಇಟ್ಟುಬಿಡುತ್ತೇನೆ. ಮರುದಿನವೋ ಅದರ ಮರುದಿನವೋ ಅವಳು ಬರುತ್ತಾಳೆ.