ಬಾಕಿ ಬಿಲ್ಲಿಗಾಗಿ ಪುಣೆಗೆ ಓಡಬೇಕೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನಿಂಗ್ ಶಾಪ್ ಇದೆ, 2021ರಲ್ಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಮಾಡಿಸಿದ್ದೇನೆ. ಕಳೆದ ವರ್ಷ ಪುಣೆಯ ಪಂಪ್ ತಯಾರಕರೊಬ್ಬರಿಗೆ ಕಳಿಸಿದ ಬಿಡಿಭಾಗಗಳ 6.4 ಲಕ್ಷ ರೂಪಾಯಿ ಇನ್ನೂ ಬಂದಿಲ್ಲ. ಮಾಲು ತಲುಪಿ ನಾಲ್ಕು ತಿಂಗಳಾದ ಮೇಲೆ ‘ರಿಜೆಕ್ಷನ್ ಇದೆ’ ಎಂಬ ತಗಾದೆ ತೆಗೆದಿದ್ದಾರೆ. ಪರ್ಚೇಸ್ ಆರ್ಡರಿನಲ್ಲಿ 90 ದಿನಗಳ ಕ್ರೆಡಿಟ್, ವಿವಾದವಾದರೆ ಪುಣೆಯಲ್ಲೇ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಪಂಚರ ತೀರ್ಪು) ಎಂದಿದೆ. ಕೋರ್ಟು ಹತ್ತುವ ಮನಸ್ಸಿಲ್ಲ. ದಾರಿ ಇದೆಯೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಇದೆ, ಮತ್ತು ಅದಕ್ಕಾಗಿ ಪುಣೆಗೆ ಹೋಗಬೇಕಾಗಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ 18ನೇ ಕಲಮಿನಂತೆ, ಮಾಲು ಪೂರೈಸಿದವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮಿಯಾಗಿದ್ದರೆ, ಖರೀದಿದಾರರು ದೇಶದ ಯಾವ ಮೂಲೆಯಲ್ಲಿದ್ದರೂ, ಇಂಥ ಬಾಕಿ ವ್ಯಾಜ್ಯಗಳಿಗೆಂದೇ ಪೂರೈಕೆದಾರರ ರಾಜ್ಯದಲ್ಲಿರುವ ಸೌಲಭ್ಯ ಮಂಡಳಿಯೇ (ಫೆಸಿಲಿಟೇಷನ್ ಕೌನ್ಸಿಲ್) ಆ ದೂರನ್ನು ವಿಚಾರಿಸಬಹುದು. ಆರ್ಡರಿನಲ್ಲಿ ಖಾಸಗಿ ಆರ್ಬಿಟ್ರೇಷನ್ ಷರತ್ತಿದ್ದರೂ ಈ ಹಕ್ಕು ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ಹೇಳಿದೆ. 90 ದಿನಗಳ ಕ್ರೆಡಿಟ್ಟೂ ನಿಲ್ಲುವುದಿಲ್ಲ. ಮಾಲು ಒಪ್ಪಿಕೊಂಡ ದಿನದಿಂದ 45 ದಿನಗಳೇ ಕಾಯ್ದೆಯ ಮಿತಿ. ಅದನ್ನು ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಸೇರುತ್ತದೆ.

ನಿಮ್ಮ ವ್ಯಾಜ್ಯದ ಗಂಟು ಇರುವುದು ರಿಜೆಕ್ಷನ್ನಿನಲ್ಲಿ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದಿದ್ದರೆ, ತಲುಪಿದ ದಿನವೇ ಅದನ್ನು ಒಪ್ಪಿಕೊಂಡಂತೆ. ಆದ್ದರಿಂದ ಅವರ ಗೇಟಿನ ಮೊಹರು ಮತ್ತು ತಾರೀಖು ಬಿದ್ದಿರುವ ಡೆಲಿವರಿ ಚಲನ್, ಇ-ವೇ ಬಿಲ್, ಇನ್‌ವಾಯ್ಸ್‌ಗಳನ್ನು ಮೊದಲು ಹುಡುಕಿ ಒಂದೆಡೆ ಇಡಿ. ಆ ಹದಿನೈದು ದಿನಗಳಲ್ಲಿ ಅವರಿಂದ ಇ-ಮೇಲ್ ಬಂದಿತ್ತೇ ಎಂಬುದನ್ನೂ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಬಂದಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಉದ್ಯಮ್ ಸಂಖ್ಯೆ ಕೊಟ್ಟು ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು. ಮಂಡಳಿ ಮೊದಲು ರಾಜಿ ಸಂಧಾನ ನಡೆಸುತ್ತದೆ. ಅದು ಮುರಿದರೆ ಮಾತ್ರ ಆರ್ಬಿಟ್ರೇಷನ್. ದೂರು ಇತ್ಯರ್ಥಕ್ಕೆ ಕಾಯ್ದೆ 90 ದಿನಗಳ ಗಡುವು ಹಾಕಿದೆಯಾದರೂ ಅದನ್ನು ನಂಬಿ ಯಾರಿಗೂ ಮಾತು ಕೊಡಬೇಡಿ. ನನ್ನನ್ನು ಕೇಳಿದರೆ ಸಂಧಾನವನ್ನು ನೆಪಮಾತ್ರದ ಹಂತವೆಂದು ತಿಳಿಯಬಾರದು. ಬಡ್ಡಿಯಲ್ಲಿ ಎಷ್ಟು ಬಿಡಬಲ್ಲೆ, ಎಷ್ಟು ಕಂತಿಗೆ ಒಪ್ಪಬಲ್ಲೆ ಎಂಬುದನ್ನು ಮನೆಯಲ್ಲೇ ನಿರ್ಧರಿಸಿಕೊಂಡು ಹೋಗಿ. ಆರ್ಬಿಟ್ರೇಷನ್ನಿನಲ್ಲಿ ಬರುವ ಐತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಖರೀದಿದಾರರು ಅದರ ಶೇ 75ರಷ್ಟು ಹಣವನ್ನು ಮೊದಲೇ ಠೇವಣಿ ಇಡಬೇಕು. ಈ ಸಂಗತಿ ಅವರ ವಕೀಲರಿಗೂ ಗೊತ್ತಿರುವುದರಿಂದ ಮಾತುಕತೆಗೆ ಬರುವ ಮನಸ್ಸು ಅವರಿಗೂ ಇರುತ್ತದೆ. ಬಾಕಿ ವಸೂಲಿಗಿರುವ ಮೂರು ವರ್ಷಗಳ ಕಾಲಮಿತಿ ಮೀರದಂತೆ ನೋಡಿಕೊಳ್ಳಿ.

ಪ್ರಶ್ನೆ: ದಾವಣಗೆರೆಯಲ್ಲಿ ಅಕ್ಕಿಯ ಸಗಟು ವ್ಯಾಪಾರಿ ನಾನು. ಹೋಟೆಲಿನವರೊಬ್ಬರಿಂದ 5 ಲಕ್ಷ ಬರಬೇಕು. ನನಗೂ ಉದ್ಯಮ್ ನೋಂದಣಿ ಇದೆ. ನಾನೂ ಮಂಡಳಿಗೆ ಹೋಗಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗದು. 2021ರ ಜುಲೈನಲ್ಲಿ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯ ಬಾಗಿಲು ತೆರೆದದ್ದು ಆದ್ಯತಾ ವಲಯದ ಸಾಲಕ್ಕಾಗಿ (ಕೆಲವು ವಲಯಗಳಿಗೆಂದೇ ಬ್ಯಾಂಕುಗಳು ಮೀಸಲಿಡುವ ಸಾಲ) ಮಾತ್ರ. ನಿಮ್ಮದು 3 ಲಕ್ಷ ರೂಪಾಯಿಗಿಂತ ಮೇಲಿನ ವಾಣಿಜ್ಯ ವಿವಾದವಾದ್ದರಿಂದ, ತುರ್ತು ಮಧ್ಯಂತರ ಆದೇಶ ಬೇಕಿಲ್ಲವಾದರೆ, ದಾವೆ ಹೂಡುವ ಮುನ್ನ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಅರ್ಜಿ ಹಾಕುವುದು ಕಡ್ಡಾಯ. ಅಲ್ಲಿ ಇಬ್ಬರೂ ಸಹಿ ಹಾಕಿದ ಒಪ್ಪಂದಕ್ಕೆ ಐತೀರ್ಪಿನಷ್ಟೇ ಬಲವಿರುತ್ತದೆ. ಎದುರುಪಕ್ಷದವರು ಬಾರದಿದ್ದರೆ, ಮಧ್ಯಸ್ಥಿಕೆ ನಡೆಯಲಿಲ್ಲವೆಂಬ ವರದಿಯನ್ನು ಪಡೆದು ದಾವೆಗೆ ಲಗತ್ತಿಸಿ.