ಕೆಂಪು ಬಣ್ಣ ಬಿಳಿಗೆ ಹತ್ತಿದೆ, ಏನು ಮಾಡಲಿ?

ನೀವೇ ಬಣ್ಣ ಹಾಕಿದ ಕೆಂಪು ಕಾಟನ್ ತುಂಡು, ಕ್ವಿಲ್ಟ್ (ತುಂಡುಗಳನ್ನು ಜೋಡಿಸಿ ಹೊಲಿದ ಕೌದಿ) ತೊಳೆದಾಗ ಪಕ್ಕದ ಬಿಳಿಗೆ ಹತ್ತಿದೆ, ಉಳಿಸಬಹುದಾ ಅಂತ ಕೇಳಿದ್ದೀರಿ. ಎಷ್ಟೋ ಸಲ ಉಳಿಯುತ್ತದೆ. ಇನ್ನೂ ಒದ್ದೆ ಇದ್ದರೆ ಒಣಗಲು ಬಿಡಬೇಡಿ. ಇಸ್ತ್ರಿಯಂತೂ ಬೇಡವೇ ಬೇಡ.

ದೊಡ್ಡ ಟಬ್ಬಿನಲ್ಲಿ ಸುಮಾರು 60 ಡಿಗ್ರಿ ಬಿಸಿ ನೀರು ತುಂಬಿ, ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್ ಹಾಕಿ. ಕ್ವಿಲ್ಟ್ ಪೂರ್ತಿ ಮುಳುಗಿರಲಿ. ಒಂದು ಮೂಲೆ ಮೇಲೆ ತೇಲಿದರೂ ಬಣ್ಣ ಅಲ್ಲೇ ಹೋಗಿ ಕೂರುತ್ತದೆ. 12 ಗಂಟೆ ನೆನೆಯಲಿ. ನೀರು ಗುಲಾಬಿಯಾಗಿದ್ದರೆ ಚೆಲ್ಲಿ, ಹೊಸ ನೀರಲ್ಲಿ ಮತ್ತೆ ನೆನೆಸಿ. ನನ್ನದೊಂದು ಕ್ವಿಲ್ಟ್‌ಗೆ ಮೂರು ಸಲ ಬೇಕಾಯಿತು, ಬಿಳಿ ಮತ್ತೆ ಬಿಳಿಯಾಯಿತು! ಆದರೆ ರೇಷ್ಮೆ, ಉಣ್ಣೆ ತುಂಡುಗಳಿದ್ದರೆ ಇಷ್ಟು ಬಿಸಿ ಬೇಡ.

ನೀವು ಹಾಕಿದ್ದು ರಿಯಾಕ್ಟಿವ್ ಡೈ, ಅಂದರೆ ಸೋಡಾ ಹಾಕಿದಾಗ ಕಾಟನ್ ನೂಲಿಗೇ ಬೆಸೆದುಕೊಳ್ಳುವ ಬಣ್ಣ, ಅಲ್ವಾ? ಅದರಲ್ಲಿ ಒಂದಷ್ಟು ಬಣ್ಣ ನೂಲಿಗೆ ಅಂಟದೆ ಸುಮ್ನೆ ಉಳಿದಿರುತ್ತದೆ. ಹತ್ತುವುದು ಅದೇ. ವಿನಿಗರ್, ಉಪ್ಪಿನ ನೀರಿಂದ ಅದು ಗಟ್ಟಿಯಾಗುವುದಿಲ್ಲ, ತೊಳೆದೇ ತೆಗೆಯಬೇಕು. ಇನ್ನು ಮುಂದೆ ಬಟ್ಟೆಗೆ ಬಣ್ಣ ಹಾಕಿದ ಮೇಲೆ, ಮೊದಲು ತಣ್ಣೀರಲ್ಲಿ ಜಾಲಿಸಿ ಸೋಡಾ ತೆಗೆಯಿರಿ, ಆಮೇಲೆ ನೀರು ತಿಳಿಯಾಗುವವರೆಗೂ ಬಿಸಿನೀರಲ್ಲಿ.

ಮುಂದಿನ ಸಲ ಕತ್ತರಿಸುವ ಮೊದಲೇ ಬಟ್ಟೆಯ ಅಂಚನ್ನು ಒದ್ದೆ ಮಾಡಿ, ಒದ್ದೆ ಬಿಳಿ ಬಟ್ಟೆಯೊಳಗೆ ಮಡಚಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಳಿಯಲ್ಲಿ ಕೆಂಪಿನ ನೆರಳು ಕಂಡರೂ ಹೊಲಿಯಬೇಡಿ, ಇನ್ನೊಮ್ಮೆ ತೊಳೆಯಿರಿ. ಹಳೆ ಸೀರೆ, ಅಂಗಿಯ ತುಂಡುಗಳಿಗೂ ಇದನ್ನೇ ಮಾಡಿ. ಕಡು ನೀಲಿ, ಕಪ್ಪು ತುಂಡುಗಳಲ್ಲಿ ಜಾಸ್ತಿ ಎಚ್ಚರ ಇರಲಿ.