12 ವೋಲ್ಟ್ ದೀಪ ಹಾಕಿಸಿದರೂ ಬಿಲ್ ಇಳಿಯಲಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿ ಆರು ಹ್ಯಾಲೊಜೆನ್ ಸ್ಪಾಟ್‌ಲೈಟ್ ಇವೆ. ಒಂದೊಂದೂ 12 ವೋಲ್ಟ್, 50 ವ್ಯಾಟ್. ಮನೆ ಕಟ್ಟಿದಾಗ ಹಾಕಿಸಿದ್ದು. ‘12 ವೋಲ್ಟ್ ತಾನೆ, ಕರೆಂಟ್ ಜಾಸ್ತಿ ತಿನ್ನಲ್ಲ’ ಎಂದಿದ್ದರು. ದಿನಕ್ಕೆ ನಾಲ್ಕು ಗಂಟೆ ಉರಿಯುತ್ತವೆ. ಇವು ನಿಜವಾಗಿ ಉಳಿತಾಯದ ದೀಪಗಳೇ?
– ದಾವಣಗೆರೆಯ ಓದುಗರು

ಉತ್ತರ: ಅಲ್ಲ. ಈ ಮಾತನ್ನು ನಂಬಿ ವರ್ಷಗಟ್ಟಲೆ ಬಿಲ್ ಕಟ್ಟಿದವರು ತುಂಬಾ ಜನ ಇದ್ದಾರೆ, ನನಗೆ ಬೇಸರವಾಗುತ್ತದೆ. ಬಿಲ್‌ಗೆ ಲೆಕ್ಕ ವ್ಯಾಟ್‌ನದು. 50 ವ್ಯಾಟ್‌ನ ದೀಪ 12 ವೋಲ್ಟ್‌ನಲ್ಲಿ ಉರಿಯಲು 4 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. 230 ವೋಲ್ಟ್‌ನಲ್ಲಾದರೆ ಕಾಲು ಆಂಪಿಯರೂ ಬೇಡ. ಎರಡೂ ಕಡೆ ವ್ಯಾಟ್ ಅಷ್ಟೇ.

ನಿಮ್ಮ ಆರು ದೀಪಕ್ಕೆ 300 ವ್ಯಾಟ್. ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಇದರ ಮೇಲೆ, 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ತಿನ್ನುವುದು ಬೇರೆ. ಹಳೇ ಕಾಲದ, ಕೈಗೆ ಭಾರವಾಗುವ, ಗುಂಯ್ ಎನ್ನುವ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ನೂರಕ್ಕೆ ಹತ್ತು ಪಾಲಾದರೂ ಬಿಸಿಯಾಗಿ ಪೋಲಾಗುತ್ತದೆ. ಅಲ್ಲಿಗೆ 40 ಯೂನಿಟ್ ಆಯಿತು. ಗೃಹಜ್ಯೋತಿಯ ಮನೆಗಳಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ, ಅಂಥ ಅಂಚಿನಲ್ಲಿರುವವರಿಗೆ ಈ 40 ಸಣ್ಣದಲ್ಲ.

12 ವೋಲ್ಟ್ ಹ್ಯಾಲೊಜೆನ್‌ಗೆ ಒಂದು ಒಳ್ಳೆಯ ಗುಣ ಇತ್ತು, ಹೇಳಲೇಬೇಕು. ಬಲ್ಬ್‌ನೊಳಗೆ ಕಾದು ಬೆಳಗುವ ಅದರ ತಂತಿ ದಪ್ಪ, ಗಿಡ್ಡ. ಹೆಚ್ಚು ಕಾಯಿಸಿದರೂ ತಡೆಯುತ್ತದೆ. ಹಾಗಾಗಿ ಅಷ್ಟೇ ವ್ಯಾಟ್‌ನ 230 ವೋಲ್ಟ್ ಹ್ಯಾಲೊಜೆನ್‌ಗಿಂತ ಸ್ವಲ್ಪ ಜಾಸ್ತಿ ಬೆಳಕು. ‘ಕರೆಂಟ್ ಜಾಸ್ತಿ ತಿನ್ನಲ್ಲ’ ಎಂಬ ಮಾತು ಹುಟ್ಟಿದ್ದು ಇದರಿಂದಲೇ ಇರಬೇಕು. ಎಲ್‌ಇಡಿ ಬಂದ ಮೇಲೆ ಅದಕ್ಕೆ ಅರ್ಥವಿಲ್ಲ.

ಅದೇ ಅಳತೆಯ 6 ವ್ಯಾಟ್ ಎಲ್‌ಇಡಿ ಹಾಕಿದರೆ ತಿಂಗಳಿಗೆ ಐದು ಯೂನಿಟ್ ಸಾಕು. ಆದರೆ ಸುಮ್ನೆ ಬಲ್ಬ್ ಮಾತ್ರ ಬದಲಾಯಿಸಬೇಡಿ. ನಿಮ್ಮದು ಹೊಸ ಬಗೆಯ, ಹಗುರವಾದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಅದಕ್ಕೆ ಕನಿಷ್ಠ ಇಷ್ಟು ವ್ಯಾಟ್ ಹೊರೆ ಬೇಕು ಎಂದಿರುತ್ತದೆ. ಎಲ್‌ಇಡಿ ಆ ಮಟ್ಟ ಮುಟ್ಟುವುದಿಲ್ಲ, ದೀಪ ಮಿಣುಕುತ್ತದೆ. ಜನ ಆಗ ಬಲ್ಬ್ ಕೆಟ್ಟದ್ದು ಎಂದು ಬೈಯುತ್ತಾರೆ. ಟ್ರಾನ್ಸ್‌ಫಾರ್ಮರ್ ತೆಗೆಸಿ, ಅದರ ಜಾಗಕ್ಕೆ ಎಲ್‌ಇಡಿಗೆಂದೇ ಮಾಡಿದ 12 ವೋಲ್ಟ್‌ನ ಪೂರೈಕೆ ಪೆಟ್ಟಿಗೆ, ಅಂದರೆ ಎಲ್‌ಇಡಿ ಡ್ರೈವರ್ ಹಾಕಿಸಿ. ಸ್ವಿಚ್ ಡ್ರೈವರ್‌ಗಿಂತ ಮೊದಲು, 230 ವೋಲ್ಟ್ ಕಡೆಗೆ ಇರಲಿ. ದೀಪದ ಕಡೆಗಿದ್ದರೆ ದೀಪ ಆರಿದರೂ ಡ್ರೈವರ್ ಇಡೀ ದಿನ ಚೂರುಚೂರು ತಿನ್ನುತ್ತಲೇ ಇರುತ್ತದೆ.

12 ವೋಲ್ಟ್ ನಿಜವಾಗಿ ಉಳಿಸುವ ಜಾಗ ಸೋಲಾರ್ ದೀಪ. ಬ್ಯಾಟರಿಯೇ 12 ವೋಲ್ಟ್ ಆಗಿದ್ದು ಎಲ್‌ಇಡಿ ನೇರವಾಗಿ ಅದರಿಂದ ಉರಿದರೆ, ಇನ್ವರ್ಟರ್‌ನಲ್ಲಿ ಪೋಲಾಗುವುದು ಪೂರ್ತಿ ಉಳಿಯಿತು. ತೋಟದ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಬ್ಯಾಟರಿಯಿಂದ ದೀಪಕ್ಕೆ ದೂರ ಕಡಿಮೆ ಇರಲಿ, ವೈರ್ ದಪ್ಪ ಇರಲಿ. 12 ವೋಲ್ಟ್‌ನಲ್ಲಿ ಹರಿಯುವ ಕರೆಂಟ್ ಜಾಸ್ತಿ, ಅದು ಎರಡರಷ್ಟಾದರೆ ವೈರ್‌ನಲ್ಲಿ ಪೋಲಾಗುವುದು ನಾಲ್ಕರಷ್ಟು.